ಕಾಗದ ಹಿಡಿದು ಕಾರು ಬಿಟ್ಟವನು

ಹಳೆಯ ಕಾರುಗಳ ಆ ಓಣಿಯಲ್ಲಿ ಅವನನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಸಲುಗೆಯವರು ಅದನ್ನೂ ತುಂಡರಿಸಿ ಬರೀ ಭೂತ ಎನ್ನುತ್ತಿದ್ದರು. ಹೋದ ತಿಂಗಳು ಅವನು ತೀರಿಕೊಂಡ ಮೇಲೆ ಆ ಹೆಸರು ಯಾರ ನಾಲಿಗೆಗೂ ಬರುತ್ತಿಲ್ಲ. ಅವನ ಮಾತು ತೆಗೆದವರು 'ಅವನು' ಎಂದು ಶುರು ಮಾಡಿ, ಮುಂದೇನು ಹೇಳಬೇಕೆಂದು ತೋಚದೆ ಟೀ ಕುಡಿಯುತ್ತಾರೆ.

ಯಾರಾದರೂ ಅವನ ಯಾರ್ಡಿಗೆ ಕಾರು ಮಾರಲು ತಂದರೆ ಅವನು ಮೊದಲು ಕಾರನ್ನು ನೋಡುತ್ತಿರಲಿಲ್ಲ, ತಂದವನ ಮುಖ ನೋಡುತ್ತಿದ್ದ. ಆಮೇಲೆ ನೋಂದಣಿ ಪತ್ರ. ಅದಾದ ಮೇಲೆ ಬಾನೆಟ್ ಎತ್ತಿಸಿ, ಚಾಸಿಸ್ ನಂಬರಿನ ಮೇಲೆ ಗಾಜು ಹಿಡಿದು, ಒಂದೊಂದೇ ಅಂಕಿಯನ್ನು ತುಟಿ ಅಲುಗಿಸುತ್ತ ಓದಿಕೊಳ್ಳುತ್ತಿದ್ದ. ಅಂಕಿಯ ಸುತ್ತ ಹೊಸ ಬಣ್ಣ ಕಂಡರೆ ಉಗುರಿನಿಂದ ಕೆರೆಯುತ್ತಿದ್ದ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ಕೆಸರಿನ ಗೆರೆ ಇದೆಯೇ ಎಂದು ಹುಡುಕುತ್ತಿದ್ದ; ಇದ್ದರೆ ಆ ಕಾರು ಎಲ್ಲೋ ನೀರಿನಲ್ಲಿ ಮುಳುಗಿ ಎದ್ದದ್ದು. ಕಾರಿನೊಳಗೆ ಸುವಾಸನೆ ಜಾಸ್ತಿಯಾದಷ್ಟೂ ಅವನ ಹುಬ್ಬು ಮೇಲೇರುತ್ತಿತ್ತು. ಮನೆಯಲ್ಲೂ ಅದೇ ಕಥೆ. ಹಾಲಿನ ಪಾಕೆಟ್ಟನ್ನೂ ತಿರುಗಿಸಿ ನೋಡದೆ ಒಳಗೆ ತರದ ಮನುಷ್ಯ ತನ್ನನ್ನು ಮಾತ್ರ ಹೇಗೆ ಹಾಗೇ ತಂದುಬಿಟ್ಟನೋ ಎಂದು ಹೆಂಡತಿ ನಗುತ್ತಿದ್ದಳು.

ಓಣಿಯ ಉಳಿದ ವ್ಯಾಪಾರಿಗಳು ಮಾರುವವರಿಂದ ವರ್ಗಾವಣೆಯ ಅರ್ಜಿಗೆ ಖಾಲಿ ಸಹಿ ಹಾಕಿಸಿಕೊಂಡು, ಗಿರಾಕಿ ಸಿಕ್ಕಾಗ ಹೆಸರು ತುಂಬುವ ಪದ್ಧತಿ ಇಟ್ಟುಕೊಂಡಿದ್ದರು. ಕಾರು ಮೂರು ಕೈ ದಾಟಿದರೂ ಸರ್ಕಾರದ ದಾಖಲೆಯಲ್ಲಿ ಮೊದಲಿನವರೇ ಮಾಲೀಕರು. ಈ ನಡುವೆ ಕಾರು ಯಾರಿಗಾದರೂ ಗುದ್ದಿದರೆ ಪೊಲೀಸರು ಬಾಗಿಲು ಬಡಿಯುವುದು ಆ ಅಮಾಯಕರ ಮನೆಯದು. ಭೂತಗನ್ನಡಿಗೆ ಇದು ಕಂಡರೆ ಆಗುತ್ತಿರಲಿಲ್ಲ. ಕೀ ಕೈಗೆ ಬಂದ ಕೂಡಲೇ ದಿನ, ಗಂಟೆ ಬರೆದು ಚೀಟಿ ಕೊಡುತ್ತಿದ್ದ. ಗಿರಾಕಿ ಕೊಂಡ ವಾರದೊಳಗೆ ಅರ್ಜಿ ನೋಂದಣಿ ಕಚೇರಿಗೆ ಹೋಗಬೇಕು. ತಡಮಾಡಬಾರದೆಂದು ಕಾನೂನೂ ಹೇಳುತ್ತಿತ್ತು. ಅಲ್ಲಿಗೆ ಓಡಾಡುವ ಕೆಲಸ ಹೆಂಡತಿಯ ತಮ್ಮನದು. ಬಾಮೈದನಿಗೆ ಯಾರ್ಡಿನಲ್ಲಿ ಪಾಲೂ ಇತ್ತು, ಅವನ ಮೇಲೆ ಭಾವನ ಒಂದು ಕಣ್ಣೂ ಇತ್ತು.

ಒಂದು ಗುರುವಾರ ಬೆಳಗ್ಗೆ ಮಕ್ಕಳ ಆಸ್ಪತ್ರೆಯ ನರ್ಸ್ ಯಾರ್ಡಿಗೆ ಬಂದಳು. ಎರಡು ತಿಂಗಳ ಹಿಂದೆ ತನ್ನ ಬೂದು ಬಣ್ಣದ ಸಣ್ಣ ಕಾರನ್ನು ಅಲ್ಲಿಗೇ ಮಾರಿದ್ದಳು. ಆ ಕಾರು ಹಿಂದಿನ ವಾರ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬನಿಗೆ ಗುದ್ದಿ, ಕಾಲು ಮುರಿದು, ನಿಲ್ಲಿಸದೆ ಹೋಗಿತ್ತು. ನಂಬರು ಯಾರೋ ಬರೆದುಕೊಂಡಿದ್ದರು. ಪೊಲೀಸರು ದಾಖಲೆ ತೆಗೆದು ನೋಡಿದರೆ ಮಾಲೀಕಳು ಇನ್ನೂ ಅವಳೇ. ಯಾರ್ಡಿನ ಚೀಟಿ ತೋರಿಸಿದ್ದಕ್ಕೆ, ಇಂಥ ಚೀಟಿ ಯಾರು ಬೇಕಾದರೂ ಬರೆದುಕೊಡಬಹುದು, ಸೋಮವಾರದೊಳಗೆ ವ್ಯಾಪಾರಿಯೇ ಬಂದು ಹೇಳಿಕೆ ಕೊಡಲಿ, ಇಲ್ಲದಿದ್ದರೆ ಕೇಸು ನಿಮ್ಮ ಹೆಸರಿನಲ್ಲೇ ಎಂದಿದ್ದರಂತೆ. ಕೇಸು ಬಿದ್ದರೆ ಆಸ್ಪತ್ರೆಯವರು ಅವಳನ್ನು ವಾರ್ಡಿನಿಂದ ಹೊರಗಿಡುತ್ತಾರೆ. ಇದನ್ನೆಲ್ಲ ಅವಳು ಕೂರದೆ, ನಿಂತೇ ಹೇಳಿದಳು.

ಬೇರೆಯವರಾಗಿದ್ದರೆ ಪಾಪ ಎನ್ನುತ್ತಿದ್ದರು. ಅವನು ಅವಳ ಮುಖ ನೋಡಿದ.

"ಎರಡನೇ ಕೀ ಎಲ್ಲಿದೆ?"

"ಎರಡೂ ನಿಮ್ಮ ಕೈಗೇ ಕೊಟ್ಟಿದ್ದೀನಿ. ಚೀಟೀಲಿ ನೀವೇ ಬರೆದಿದ್ದೀರಿ, ಓದಿ."

ಓದಿದ. ಎರಡು ಎಂದೇ ಇತ್ತು, ಅವನದೇ ಅಕ್ಷರದಲ್ಲಿ. ಆದರೂ ಅವಳು ಮೂರನೆಯದೊಂದನ್ನು ಮಾಡಿಸಿಟ್ಟು ಕಾರನ್ನು ತಾನೇ ಓಡಿಸಿರಬಾರದೇಕೆ ಎಂಬ ಯೋಚನೆ ತಲೆಯಲ್ಲಿ ಸುಳಿಯಿತು. ವಿಚಾರಿಸಿ ಹೇಳುತ್ತೇನೆ ಎಂದು ಅವಳನ್ನು ಸಾಗಹಾಕಿದ. ಗೇಟಿನ ತನಕ ಹೋದ ಅವಳು ತಿರುಗಿ ಬಂದು, ವಿಚಾರಿಸುವುದು ಏನನ್ನು, ಯಾರ ಹತ್ತಿರ ಎಂದು ಕೇಳಿದಳು.

ಅವಳು ಹೋದ ಮೇಲೆ ಅನುಮಾನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿತು. ಕಾರನ್ನು ಕೊಂಡವನು ಕನ್ನಡಕದ ಅಂಗಡಿ ಇಟ್ಟಿದ್ದೇನೆ ಎಂದು ಹೇಳಿಕೊಂಡಿದ್ದ. ದುಡ್ಡು ಪೂರ್ತಿ ಕೊಟ್ಟು ಕಾರು ಒಯ್ದಿದ್ದ. ಹಾಗಿದ್ದ ಮೇಲೆ ಅರ್ಜಿ ಕಚೇರಿಗೆ ಯಾಕೆ ಹೋಗಿಲ್ಲ? ಕಚೇರಿಗೆ ಹೋಗುವವನು ಬಾಮೈದ. ಈಚೆಗೆ ಬಾಮೈದ ಹೊಸ ಶೂ ಹಾಕುತ್ತಿದ್ದ. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದ. ಅವನು ದಲ್ಲಾಳಿಗಳ ಜೊತೆ ನಗುವುದನ್ನು ಭೂತಗನ್ನಡಿ ಕಣ್ಣಾರೆ ಕಂಡಿದ್ದ. ಅರ್ಜಿಯನ್ನು ಬೇಕೆಂದೇ ತಡೆದು, ಓಣಿಯ ಉಳಿದವರ ಹಾಗೆ ಕಾರನ್ನು ಕೈಯಿಂದ ಕೈಗೆ ದಾಟಿಸಿ ಏನಾದರೂ ದುಡ್ಡು ಹೊಡೆದಿದ್ದಾನೆಯೇ? ಸಂಜೆಯಾಗುವ ಹೊತ್ತಿಗೆ ಈ ಪ್ರಶ್ನೆಯ ಕೊನೆಯ ಪ್ರಶ್ನಾರ್ಥಕ ಚಿಹ್ನೆ ಉದುರಿ ಅದೇ ತೀರ್ಮಾನವಾಗಿತ್ತು.

ರಾತ್ರಿ ಜೊತೆಗೇ ಊಟಕ್ಕೆ ಕೂತ ಬಾಮೈದನ ಮುಂದೆ, ಹೆಂಡತಿಯ ಎದುರಿಗೇ, ಬಾಯಿಬಿಟ್ಟ. ನೀನು ಮನೆಯೊಳಗೆ ಕೂತು ಮನೆಗೇ ಕನ್ನ ಹಾಕಿದೆ ಎಂದ. ಹೆಂಡತಿ ಬಡಿಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಬಾಮೈದ ತಟ್ಟೆಯಿಂದ ಕೈ ತೆಗೆಯದೆ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ದನಿ ಏರಿಸದೆ ಹೇಳಿದ:

"ಭಾವ, ಅರ್ಜಿ ತಡೆಹಿಡಿ ಅಂದಿದ್ದು ನೀವು."

"ನಾನಾ?"

"ಎರಡು ಹಾಳೇಲಿ ಕೊಂಡವನ ಸಹಿಯ ಬಾಲ ಬೇರೆ ಬೇರೆ ಇದೆ, ವಿಳಾಸ ನೋಡ್ಕೊಂಡು ಬಾ ಅಂದ್ರಿ. ಹೋದೆ. ಮನೆಗೆ ಬೀಗ. ಅಕ್ಕಪಕ್ಕದವ್ರಿಗೆ ಅವನ ಹೆಸರೇ ಗೊತ್ತಿಲ್ಲ ಅಂತ ಬಂದು ಹೇಳಿದೆ. ಹಾಗಾದ್ರೆ ಕಳಿಸ್ಬೇಡ, ನಾನೇ ನೋಡ್ತೀನಿ ಅಂತ ಕಾಗದಾನ ನಿಮ್ಮ ಮೇಜಿನೊಳಗೆ ಇಟ್ಕೊಂಡ್ರಿ. ಕಾರು ವಾಪಸ್ ತರಿಸೋಣ ಅಂದೆ. ಏನಂದ್ರಿ, ನೆನಪಿದೆಯಾ?"

ಅವನಿಗೆ ನೆನಪಾಯಿತು. ಕಾಗದ ನಮ್ಮ ಹತ್ತಿರ ಇದ್ದ ಮೇಲೆ ಕಾರು ಎಲ್ಲಿಗೂ ಹೋಗಲ್ಲ ಎಂದಿದ್ದ. ಆ ಓಣಿಯಲ್ಲಿ ಬೆಳೆದ ಯಾರೇ ಆದರೂ ಅದನ್ನೇ ಹೇಳುತ್ತಿದ್ದರು. ಅವರ ಪಾಲಿಗೆ ಕಾರು ಎಂದರೆ ಕಾಗದ. ಕಾಗದವಿಲ್ಲದ್ದನ್ನು ಮಾರಲಾಗದು, ಒತ್ತೆ ಇಡಲಾಗದು, ಅದು ಗೂಟಕ್ಕೆ ಕಟ್ಟಿದ ದನದ ಹಾಗೆ. ಕಾಗದವಿಲ್ಲದೆಯೂ ಕಾರು ರಸ್ತೆಯಲ್ಲಿ ಓಡುತ್ತದೆ, ಸೈಕಲ್ಲಿಗೆ ಗುದ್ದುತ್ತದೆ ಎಂಬುದು, ಕಾರುಗಳ ನಡುವೆಯೇ ಕೂದಲು ಬೆಳ್ಳಗಾದವನಿಗೆ ಹೊಳೆದಿರಲಿಲ್ಲ. ಕೊಂಡವನ ಬಗ್ಗೆ ಅವನ ಅನುಮಾನ ಸರಿಯಾಗಿಯೇ ಇತ್ತು. ಆದರೆ ಆ ಅನುಮಾನದ ಭಾರ ಹೊತ್ತದ್ದು ನರ್ಸ್.

ಹೆಂಡತಿ ತಮ್ಮನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಗಂಡನಿಗೆ, ನಿಮಗೆ ಬೇಕಾದರೆ ಹಾಕಿಕೊಳ್ಳಿ ಎಂದಳು.

ಮರುದಿನ ಯಾರ್ಡಿನಲ್ಲಿ ಬಾಮೈದನೇ ಒಂದು ದಾರಿ ತೋರಿಸಿದ. ಅರ್ಜಿ ಕೊಟ್ಟಿದ್ದೆವು, ಕಚೇರಿಯಲ್ಲೇ ಎಲ್ಲೋ ಕಳೆದುಹೋಗಿದೆ ಎಂದುಬಿಡೋಣ, ಅಲ್ಲಿ ಕಡತ ಕಳೆಯುವುದು ಹೊಸದಲ್ಲ, ಯಾರ್ಡಿನ ಪರವಾನಗಿಯೂ ಉಳಿಯುತ್ತದೆ ಎಂದ. ಭೂತಗನ್ನಡಿ ಬಹಳ ಹೊತ್ತು ಯೋಚಿಸಿದ. ಒಪ್ಪಲು ಮನಸ್ಸೂ ಮಾಡಿದ್ದ ಎಂದು ಕಾಣುತ್ತದೆ. ಆದರೆ ಕಚೇರಿ ತನಗೇನೂ ಬಂದಿಲ್ಲ ಎಂದರೆ ಮಾತು ತಿರುಗಿ ಆ ಹೆಣ್ಣುಮಗಳ ತಲೆಗೇ ಬೀಳುತ್ತದೆ. ತಾನೇ ಪೊಲೀಸಾಗಿದ್ದರೆ ಇಂಥ ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ ಎಂದೂ ಅನ್ನಿಸಿತು. ಅರ್ಜಿಯನ್ನು ಹಾಗೇ, ತಾರೀಖು ತಿದ್ದದೆ, ಲಕೋಟೆಗೆ ಹಾಕಿಕೊಂಡು ಠಾಣೆಗೆ ಹೊರಟ. ಬೀಗ ಹಾಕಿದ ಮನೆಯನ್ನು ಕಂಡವನು ತಾನೊಬ್ಬನೇ ಎಂದು ಬಾಮೈದನೂ ಜೊತೆಗೆ ನಡೆದ.

ಠಾಣೆಯ ಅಧಿಕಾರಿ ಹೇಳಿಕೆಯನ್ನು ಪೂರ್ತಿ ಕೇಳಿ, ಪೆನ್ನು ಮುಚ್ಚಿ, ಕುರ್ಚಿಗೆ ಒರಗಿದ. ವ್ಯಾಪಾರಿಯೊಬ್ಬ ತಾನಾಗಿ ನಡೆದು ಬಂದು ತಪ್ಪು ನನ್ನದು ಎನ್ನುವುದನ್ನು ಅವನು ಈ ಕೆಲಸಕ್ಕೆ ಸೇರಿದ ಮೇಲೆ ಕಂಡಿರಲಿಲ್ಲ.

"ಇದರಲ್ಲಿ ನಿಮಗೇನು ಲಾಭ?"

"ಏನೂ ಇಲ್ಲ."

"ಲಾಭ ಇಲ್ದೆ ಕಾರು ಮಾರೋರು ಇಲ್ಲಿಗೆ ಬರಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರೋನು ಯಾರು?"

"ನನ್ನ ಬಾಮೈದ."

"ಕಾರು ಓಡಿಸ್ತಿದ್ದೋನು ಅವನೇನಾ? ಅವನನ್ನ ಉಳಿಸೋಕೆ ಬಂದ್ರಾ?"

ಭೂತಗನ್ನಡಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಆ ಕುರ್ಚಿಯಲ್ಲಿ ತಾನು ಕೂತಿದ್ದರೆ ಕೇಳುತ್ತಿದ್ದದ್ದು ಇದೇ ಪ್ರಶ್ನೆ. ನಿನ್ನೆ ರಾತ್ರಿ ಊಟಕ್ಕೆ ಕೂತು ಕೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಬಾಮೈದನನ್ನು ಒಳಗೆ ಕರೆದು ಬೇರೆಯಾಗಿ ವಿಚಾರಿಸಿದರು. ಮುಚ್ಚಿದ ಬಾಗಿಲಿನ ಹೊರಗೆ ನಿಂತ ಅಷ್ಟು ಹೊತ್ತೂ, ಹುಡುಗ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕದು ಎಂದು ಭೂತಗನ್ನಡಿ ಲೆಕ್ಕ ಹಾಕುತ್ತಲೇ ಇದ್ದ. ಆ ಸ್ವಭಾವ ಅಷ್ಟು ಬೇಗ ಬಿಡುವಂಥದ್ದಲ್ಲ. ಬಾಮೈದ ಹೊರಗೆ ಬಂದು, ಇದ್ದದ್ದು ಇದ್ದ ಹಾಗೆ ಹೇಳಿದೆ, ನಿಮಗೆ ನಂಬಿಕೆ ಇಲ್ಲದಿದ್ದರೆ ಒಳಗೆ ಹೋಗಿ ಕೇಳಿ ಎಂದ. ಭೂತಗನ್ನಡಿ ನಿಜವಾಗಿಯೂ ಒಂದು ಹೆಜ್ಜೆ ಮುಂದಿಟ್ಟು, ನಿಂತು, ವಾಪಸು ಬಂದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಅಂದು ಬರಲಿಲ್ಲ. ವರ್ಷದೊಳಗೆ ಬಾಮೈದ ಪಾಲು ಬಿಡಿಸಿಕೊಂಡು ಬೇರೆ ಯಾರ್ಡು ಹಾಕಿದ. ಅಕ್ಕನ ಮನೆಗೆ ಬರುತ್ತಿದ್ದ. ಊಟಕ್ಕೆ ನಿಲ್ಲುತ್ತಿರಲಿಲ್ಲ.

ಪೊಲೀಸರಿಗೆ ಸಮಾಧಾನವಾದದ್ದು ಕಾರು ಸಿಕ್ಕ ಮೇಲೆಯೇ. ಕನ್ನಡಕದ ಅಂಗಡಿ ಎಲ್ಲೂ ಇರಲಿಲ್ಲ; ಕಾರು ಪಕ್ಕದ ಊರಿನ ಗ್ಯಾರೇಜಿನಲ್ಲಿ ಹೊಸ ಬಣ್ಣಕ್ಕೆ ಕಾಯುತ್ತ ನಿಂತಿತ್ತು. ಅದನ್ನು ಅಲ್ಲಿಗೆ ತಂದಿದ್ದ ಆ ಸುಳ್ಳು ಅಂಗಡಿಯವನನ್ನು ಗ್ಯಾರೇಜಿನವನೇ ತೋರಿಸಿಕೊಟ್ಟ. ವರ್ಗಾವಣೆ ತಡೆಹಿಡಿದದ್ದಕ್ಕೆ ಭೂತಗನ್ನಡಿಯ ಪರವಾನಗಿ ಆರು ತಿಂಗಳು ಅಮಾನತಾಯಿತು. ಓಣಿಯವರಿಗೆ ಆ ಆರು ತಿಂಗಳೂ ನಗುವಿಗೆ ಬರವಿರಲಿಲ್ಲ. ಖಾಲಿ ಸಹಿ ಹಾಕಿಸಿಕೊಂಡವರು ಹಾಯಾಗಿದ್ದಾರೆ, ಸಹಿಯ ಬಾಲ ನೋಡಿದವನು ಸಿಕ್ಕಿಬಿದ್ದ ಎನ್ನುತ್ತಿದ್ದರು.

ನರ್ಸಿನ ಹೆಸರನ್ನು ಕೇಸಿನಿಂದ ತೆಗೆದ ಮರುದಿನ ಅವಳು ಯಾರ್ಡಿಗೆ ಬಂದಳು. ಗೇಟಿಗೆ ಅಮಾನತಿನ ನೋಟಿಸು ಅಂಟಿಸಿದ್ದರು, ಅವನು ಒಳಗೆ ಒಬ್ಬನೇ ಕೂತಿದ್ದ. ಪೊಲೀಸರಿಗೆ ಕೊಟ್ಟ ಹೇಳಿಕೆಯ ಒಂದು ಪ್ರತಿ ಬೇಕು, ಆಸ್ಪತ್ರೆಯವರು ಕೇಳಿದರೆ ತೋರಿಸಲು ಎಂದಳು. ಕೊಟ್ಟ. ನಿಂತಲ್ಲೇ ಮೊದಲಿನಿಂದ ಕೊನೆಯ ತನಕ ಓದಿದಳು. ಮತ್ತೆ ಓದಿದಳು.

"ಇಲ್ಲಿ ಗಂಟೆ ತಿದ್ದಿದೆ. ಪಕ್ಕದಲ್ಲಿ ನಿಮ್ಮ ಸಹಿ ಇಲ್ಲ."

ಅವನು ಬಗ್ಗಿ ನೋಡಿದ. ಹೌದು, ಬರೆಯುವಾಗ ಕೈ ತಪ್ಪಿ ತಿದ್ದಿದ್ದ. ಪೆನ್ನು ತೆಗೆದು ಸಹಿ ಹಾಕಿದ. ಅವಳು ಆ ಸಹಿಯನ್ನು ಕೆಳಗಿನ ದೊಡ್ಡ ಸಹಿಯೊಂದಿಗೆ ಹೋಲಿಸಿ ನೋಡಿದಳು.

"ಕಚೇರೀಲಿ ಕಾರು ಈಗ ನಿಮ್ಮ ಹೆಸರಲ್ಲಿಲ್ಲ," ಎಂದ. "ನಾನೇ ನಿಂತು ಮಾಡಿಸಿದೀನಿ."

"ಗೊತ್ತು," ಎಂದಳು ಅವಳು. "ಬೆಳಗ್ಗೆ ಅಲ್ಲಿಗೆ ಹೋಗಿ ನೋಡ್ಕೊಂಡೇ ಇಲ್ಲಿಗೆ ಬಂದೆ."

ಕಾಗದವನ್ನು ಮಡಚಿ ಚೀಲದೊಳಗಿಟ್ಟು, ಚೀಲದ ಜಿಪ್ ಎಳೆದು, ವಾರ್ಡಿಗೆ ಹೊತ್ತಾಯಿತು ಎಂದು ಹೊರಟಳು.