ಒಂಬತ್ತನೇ ಮೈಲಿಗೆ ನಿಲ್ಲುತ್ತಿದ್ದ ಫಟಫಟಿ

1943ರ ಮಾರ್ಚಿನಲ್ಲಿ ನಾನು ಶಿಗ್ಗಾಂವಿಯ ಒಂದು ಮೋಟಾರು ರಿಪೇರಿ ಅಂಗಡಿಯಲ್ಲಿ ಎರಡನೇ ಮೆಕ್ಯಾನಿಕ್ ಆಗಿದ್ದೆ. ವಯಸ್ಸು ಇಪ್ಪತ್ತೆರಡು. ಅಂಗಡಿಯ ಒಡೆಯರು ರುದ್ರಪ್ಪ ಮೇಸ್ತ್ರಿ. ಬಂದ ಗಾಡಿ, ಬಂದ ತಾರೀಖು, ಕಂಡ ದೋಷ, ಮಾಡಿದ ಕೆಲಸ, ಓಡಿಸಿ ನೋಡಿದ ಮೈಲಿ, ಇವಿಷ್ಟನ್ನೂ ದಿನಚರಿಯಲ್ಲಿ ಬರೆದಿಡುವುದು ನನ್ನ ರೂಢಿ. ನಾಲ್ಕು ವರ್ಷದ ಹಿಂದಿನ ಆ ಪುಟಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಓದಿದರೆ ಈಗಲೂ ಸಿಟ್ಟು ಬರುತ್ತದೆ, ಅರ್ಧ ಸಿಟ್ಟು ನನ್ನ ಮೇಲೆಯೇ.

ಮಾರ್ಚ್ 6ರಂದು ಹಾನಗಲ್ಲಿನ ಒಬ್ಬ ಖಾಸಗಿ ಡಾಕ್ಟರರ ಫಟಫಟಿ, ಅಂದರೆ ಮೋಟಾರ್ ಸೈಕಲ್, ನಮ್ಮಲ್ಲಿಗೆ ಬಂತು. ಒಂದೇ ಸಿಲಿಂಡರಿನ ವಿಲಾಯತಿ ಗಾಡಿ. ಏರಿನಲ್ಲಿ ಕಾದು, ಒಳಗೆ ಟಣಟಣ ಬಡಿದು, ಬಲಗುಂದುತ್ತಿತ್ತು. ಕಾರಿನ ಎಂಜಿನ್ನನ್ನು ರೇಡಿಯೇಟರಿನ ನೀರು ತಣ್ಣಗಿಡುತ್ತದೆ. ಮೋಟಾರ್ ಸೈಕಲ್ಲಿಗೆ ಆ ಸೌಕರ್ಯವಿಲ್ಲ. ಸಿಲಿಂಡರಿನ ಸುತ್ತ ತೆಳ್ಳಗಿನ ಎರಕದ ರೆಕ್ಕೆಗಳಿರುತ್ತವೆ. ಅವಕ್ಕೆ ಫಿನ್ ಎನ್ನುತ್ತಾರೆ. ಗಾಡಿ ಓಡುವಾಗ ಎದುರಿನ ಗಾಳಿ ಆ ಫಿನ್ನುಗಳ ನಡುವೆ ಹಾಯ್ದು ಕಾವನ್ನು ಒಯ್ಯುತ್ತದೆ. ಈ ಗಾಡಿಯ ಫಿನ್ನುಗಳಲ್ಲಿ ಎರೆಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಕಿಡಿ ಹಾರುವ ಹೊತ್ತು, ಅಂದರೆ ಟೈಮಿಂಗ್, ತಡವಾಗಿತ್ತು. ಎರಡನ್ನೂ ಸರಿಪಡಿಸಿದೆ. ಸವಣೂರಿಗೆ ಹೋಗಿ ಬಂದೆ. ದೋಷ ಇರಲಿಲ್ಲ.

ಮಾರ್ಚ್ 15ರಂದು ಗಾಡಿ ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವಾಗ ಒಂಬತ್ತನೇ ಮೈಲಿಯಲ್ಲಿ ನಿಂತಿತು. 21ರಂದು ಎಂಟನೇ ಮೈಲಿ ದಾಟಿದ ಮೇಲೆ ನಿಂತಿತು. 27ರಂದು ಮತ್ತೆ ಒಂಬತ್ತನೇ ಮೈಲಿ. ಆ ಸಲ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತು. ಪ್ರತಿ ಸಲವೂ ಡಾಕ್ಟರರು ದಾರಿಯಲ್ಲಿ ಸಿಕ್ಕ ಬಸ್ಸು ಹತ್ತಿ ರೋಗಿಯ ಮನೆಗೆ ಹೋಗುತ್ತಿದ್ದರು. ಅವರ ದವಾಖಾನೆಯ ಆಳು ಫಕ್ಕೀರಪ್ಪ ಗಾಡಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ನಮ್ಮಲ್ಲಿಗೆ ತರುತ್ತಿದ್ದ. ಐವತ್ತರ ಸುಮಾರಿನ ಮನುಷ್ಯ. ಇನ್ನೊಬ್ಬರ ಬಾಗಿಲಿಗೆ ಹೊಲಸು ಗಾಡಿ ಒಯ್ಯಬಾರದೆಂದು ಮೊದಲು ಮನೆಗೆ ಒಯ್ದು, ತೊಳೆದು, ಒರೆಸಿ ತರುತ್ತಿದ್ದ. ಅಂಥ ಚೊಕ್ಕ ಗಾಡಿ ನಮ್ಮಲ್ಲಿಗೆ ಬೇರೆ ಬರುತ್ತಿರಲಿಲ್ಲ.

ಮೇಸ್ತ್ರಿ ಸಿಲಿಂಡರನ್ನು ಹುಬ್ಬಳ್ಳಿಗೆ ಕಳಿಸಿ ಕೊರೆಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿದರು. ಏಪ್ರಿಲ್ 10ಕ್ಕೆ ಗಾಡಿ ತಯಾರಾಯಿತು. ನಾನು ಮತ್ತೆ ಸವಣೂರಿಗೆ ಹೋಗಿಬಂದೆ, ಚೆನ್ನಾಗಿ ಓಡಿತು. 14ರಂದು ತಿಳವಳ್ಳಿ ದಾರಿಯಲ್ಲಿ ಒಂಬತ್ತನೇ ಮೈಲಿಗೆ ನಿಂತಿತು.

ನನ್ನ ಪುಟದಲ್ಲಿ ಲೆಕ್ಕ ಸ್ಪಷ್ಟವಿತ್ತು. ನಾನು ಓಡಿಸಿದಾಗ ಒಮ್ಮೆಯೂ ಕಾಯಲಿಲ್ಲ. ಡಾಕ್ಟರರು ದೂರ ಓಡಿಸಿದ ನಾಲ್ಕು ಸಲವೂ ನಿಂತಿತು. ಮೇಸ್ತ್ರಿ ಇದನ್ನು ನೋಡಿ ಕ್ಷಣವೂ ಯೋಚಿಸಲಿಲ್ಲ.

"ಇದರಾಗ ತಿಳಿಯೂದು ಏನೈತೋ ಚನ್ನ್ಯಾ? ಅಲ್ಲಿ ಟಾಕಿಯೊಳಗ ಚಿಮಣಿ ಎಣ್ಣಿ ಬೆರಸಾಕತ್ತಾರ. ಆ ಫಕ್ಕೀರ್‍ಯಾ ಪೆಟ್ರೋಲ ಮಾರ್‍ಕೊಂಡಾನ."

ಯುದ್ಧದ ದಿನಗಳು. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು. ಸೀಮೆಎಣ್ಣೆ ಬೆರೆಸಿದರೆ ಎಂಜಿನ್ ಬಡಿದು ಕಾಯುವುದು ನಿಜ. ಆದ್ದರಿಂದ ಮಾತು ನಂಬುವಂತಿತ್ತು. ಏಪ್ರಿಲ್ 16ರಂದು ಅಂಗಡಿಗೆ ಬಂದ ಡಾಕ್ಟರರಿಗೆ ಮೇಸ್ತ್ರಿ ಇದನ್ನೇ ಹೇಳಿದರು. ನಾನು ಅಲ್ಲೇ ಸ್ಪಾನರ್ ಹಿಡಿದು ನಿಂತಿದ್ದೆ, ಸುಮ್ಮನಿದ್ದೆ.

ಮರುದಿನ ಫಕ್ಕೀರಪ್ಪ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ. ಮೇಸ್ತ್ರಿ ಊಟಕ್ಕೆ ಹೋಗಿದ್ದರು.

"ಒಳಗ ಬರ್ರಿ," ಎಂದೆ.

"ಕಳ್ಳರು ಅಂಗಡಿಯೊಳಗ ಬಂದ್ರ ನಿಮಗ ಚಿಂತಿ ಅಲ್ರಿ," ಎಂದ. ಆಮೇಲೆ ದನಿ ತಗ್ಗಿಸಿ, "ನಿನ್ನೆ ಸಂಜಿಮುಂದ ಡಾಕ್ಟರ್ ಸಾಹೇಬ್ರು ಕಂಪೌಂಡರನ್ನ ಕರ್‍ಕೊಂಡು ನಮ್ಮ ಮನಿಗೆ ಬಂದಿದ್ರು. ಪೆಟ್ರೋಲ ಡಬ್ಬಿ ಹುಡುಕಿದ್ರು. ಹಾಸಿಗಿ ಬಿಚ್ಚಿದ್ರು. ಜ್ವಾಳದ ಗುಮ್ಮಿಯೊಳಗ ಮೊಳಕೈತನಕ ಕೈ ಹಾಕಿ ತಿರುವಿದ್ರು. ಓಣಿ ಮಂದಿ ಎಲ್ಲಾ ನಿಂತು ನೋಡಿದ್ರು. ಏನೂ ಸಿಗಲಿಲ್ಲ. ಗಾಡಿ ಇನ್ನೊಂದು ಸಲ ನಿಂತ್ರ ಪೊಲೀಸಿಗೆ ಕೊಡ್ತೇನಿ ಅಂದಾರ."

"ಖರೇನ ಬೆರಸೀರೇನು?"

ಹಾಗೆ ಕೇಳಿದ್ದನ್ನೂ ದಿನಚರಿಯಲ್ಲಿ ಬರೆದಿದ್ದೇನೆ. ಅವನು ಗಾಡಿಯ ಕಡೆ ಕೈ ತೋರಿಸಿ, "ನೀವು ಕಲಿತೋರು ಅದೀರಿ, ನೋಡ್ರಿ," ಎಂದ.

ಪೆಟ್ರೋಲಿನ ಪರೀಕ್ಷೆಗೆ ಯಂತ್ರ ಬೇಡ. ಬಿಳಿ ಕಾಗದದ ಮೇಲೆ ಹನಿಸಿದರೆ ಶುದ್ಧ ಪೆಟ್ರೋಲು ಗುರುತಿಲ್ಲದೆ ಆರುತ್ತದೆ. ಸೀಮೆಎಣ್ಣೆ ಇದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. 14ರಂದು ದಾರಿಯಲ್ಲಿ ನಿಂತ ದಿನದ ಪೆಟ್ರೋಲೇ ಟಾಕಿಯಲ್ಲಿತ್ತು. ಮೂರು ಕಾಗದದ ಮೇಲೆ ಹನಿಸಿದೆ. ಮೂರರಲ್ಲೂ ಕಲೆ ಉಳಿಯಲಿಲ್ಲ. ಎರಡು ನಿಮಿಷದ ಕೆಲಸ. ಹಿಂದಿನ ದಿನವೇ ಇದನ್ನು ಮಾಡಿದ್ದರೆ ಒಬ್ಬನ ಮನೆಯ ಕಾಳಿನೊಳಗೆ ಯಾರ ಕೈಯೂ ಇಳಿಯುತ್ತಿರಲಿಲ್ಲ.

ಕಾಗದಗಳನ್ನು ಮೇಸ್ತ್ರಿಗೆ ತೋರಿಸಿದೆ. "ಇವತ್ತ ಬೆರಸಿಲ್ಲ, ಅಷ್ಟ," ಎಂದು ಎಲೆ ಅಡಿಕೆ ಹಾಕಿಕೊಂಡರು.

19ರಂದು ಗಾಡಿಯನ್ನು ನಾನೇ ಹಾನಗಲ್ಲಿಗೆ ಓಡಿಸಿಕೊಂಡು ಹೋದೆ. ದಾರಿಯುದ್ದ ಎಂಜಿನ್ ಹದವಾಗಿತ್ತು. ಅಂದು ಡಾಕ್ಟರರು ತಿಳವಳ್ಳಿಗೂ ಮುಂದೆ ಹಿರೇಕೆರೂರಿಗೂ ಹೋಗಬೇಕಿತ್ತು. ಹೊರಡುವುದನ್ನು ನೋಡಬೇಕೆಂದು ಅಂಗಳದಲ್ಲಿ ಕುಳಿತೆ.

ಫಕ್ಕೀರಪ್ಪ ಒಳಗಿನಿಂದ ಮೊಳದಗಲದ ಒಂದು ಲಾವಂಚದ ಬೇರಿನ ತಟ್ಟಿ ತಂದ. ಬೇಸಿಗೆಯಲ್ಲಿ ದೊಡ್ಡ ಮನೆ, ಕಚೇರಿಗಳ ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುತ್ತಾರಲ್ಲ, ಅದೇ. ದವಾಖಾನೆಯ ಬಾಗಿಲಿಗೂ ಒಂದು ತೂಗುತ್ತಿತ್ತು. ತಾಸಿಗೊಮ್ಮೆ ಅದನ್ನು ತೋಯಿಸುವುದು ಅವನ ಕೆಲಸ. ಈ ಚಿಕ್ಕ ತಟ್ಟಿಯನ್ನು ಅವನು ಎಂಜಿನ್ನಿನ ಮುಂದೆ, ಚೌಕಟ್ಟಿನ ಕೊಳವೆಗೆ ಹುರಿಯಿಂದ ಬಿಗಿದು, ತಂಬಿಗೆಯಿಂದ ನೀರು ಹೊಯ್ದ.

"ಇದ್ಯಾಕ್ರಿ?" ಎಂದೆ.

"ಎಂಜಿನ್ನಿಗೆ ತಂಪು ಗಾಳಿ ಹೋಗ್ಲಿ ಅಂತ್ರಿ. ಧೂಳೂ ತಡೀತೈತಿ. ನಿಮ್ಮ ಮೇಸ್ತ್ರಿನ ಹೇಳಿದ್ರಲ್ರಿ. ಮೊದಲನೇ ಸಲ ಬಂದಾಗ, ಕಾವು ಕಡಿಮಿ ಆಗಾಕ ಏನ್ ಮಾಡ್ಲಿ ಅಂತ ಕೇಳಿದೆ. ನಿಮ್ಮ ದವಾಖಾನಿಗೆ ಕಟ್ಟೀರಲ್ಲ, ಇದಕ್ಕೂ ಒಂದು ತಟ್ಟಿ ಕಟ್ಟು ಅಂದ್ರು. ನೀವೂ ಇದ್ರಿ. ನಕ್ರಿ."

ನಕ್ಕಿದ್ದೆ. ಅಂದಿನ ಪುಟದಲ್ಲಿ ಟೈಮಿಂಗ್ ಎಷ್ಟು ಸರಿಸಿದೆ ಎಂಬುದಿದೆ. ಮೇಸ್ತ್ರಿಯ ಈ ಕುಚೋದ್ಯವಿಲ್ಲ. ಕೇಳಿದವನು ಅದನ್ನು ಆಜ್ಞೆ ಎಂದು ತಿಳಿದ. ಬಾಗಿಲಿನ ತಟ್ಟಿಯ ಅಂಚು ಕತ್ತರಿಸಿ ತನ್ನ ಕೈಯಿಂದಲೇ ಹೆಣೆದ. ಅಂಗಡಿಗೆ ತರುವ ಮುನ್ನ ಗಾಡಿ ತೊಳೆಯುವಾಗ ತಟ್ಟಿಯನ್ನೂ ಬಿಚ್ಚಿಡುತ್ತಿದ್ದ. ಹಾಗಾಗಿ ನನ್ನ ಕಣ್ಣಿಗೆ ಅದು ಒಮ್ಮೆಯೂ ಬೀಳಲಿಲ್ಲ.

ಡಾಕ್ಟರರು ಹೊರಬಂದರು. ತಟ್ಟಿಯನ್ನು ತೋರಿಸಿ, ಇದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತಿಲ್ಲದ ಏನು? ನಿಮ್ಮ ಅಂಗಡಿಯವರ ಕಟ್ಸಾರ ಅಂತ ತಿಳಿದಿದ್ದೆ."

"ನೀವು ಹಿಂದ ಕುಂದರ್ರಿ. ನಾ ಹೊಡೀತೇನಿ," ಎಂದೆ. ದನಿ ಗಡಸಾಗಿತ್ತೆಂದು ಕಾಣುತ್ತದೆ, ಅವರು ಎದುರಾಡದೆ ಕುಳಿತರು.

ತಟ್ಟಿ ಹಸಿ ಇರುವವರೆಗೆ, ಅಂದರೆ ನಾಲ್ಕು ಮೈಲಿ, ಎಂಜಿನ್ ಸುಮ್ಮನೆ ಓಡಿತು. ಆರನೇ ಮೈಲಿಗೆ ಬೇರುಗಳು ಗರಿಗರಿಯಾಗಿ ಒಣಗಿದ್ದವು. ಅಷ್ಟು ದಿನದ ಎರೆಧೂಳು ಅವುಗಳ ಸಂದಿಯಲ್ಲಿ ಗಾರೆಯಂತೆ ಕೂತಿತ್ತು. ಫಿನ್ನುಗಳ ಮುಂದೆ ಗೋಡೆ ಕಟ್ಟಿದಂತಾಗಿತ್ತು. ಏಳಕ್ಕೆ ಬಡಿತ ಶುರುವಾಯಿತು. ಒಂಬತ್ತನೇ ಮೈಲಿಕಲ್ಲು ಕಾಣುವಾಗ, ಪಿಸ್ಟನ್ ಮತ್ತೆ ಕಚ್ಚುವ ಮೊದಲು ನಾನೇ ನಿಲ್ಲಿಸಿದೆ. ಬೇವಿನ ನೆರಳಲ್ಲಿ ಮುಕ್ಕಾಲು ತಾಸು ಕುಳಿತೆವು. ಆಮೇಲೆ ಹುರಿ ಬಿಚ್ಚಿ ತಟ್ಟಿಯನ್ನು ಡಾಕ್ಟರರ ಕೈಗೆ ಕೊಟ್ಟೆ. ಅದೇ ಪೆಟ್ರೋಲು, ಅದೇ ಬಿಸಿಲು. ತಿಳವಳ್ಳಿ ದಾಟಿ, ಹಿರೇಕೆರೂರು ಮುಟ್ಟಿ, ಸಂಜೆ ಹಾನಗಲ್ಲಿಗೆ ಬರುವವರೆಗೆ ಎಂಜಿನ್ ಒಮ್ಮೆಯೂ ಬಡಿಯಲಿಲ್ಲ.

"ಅಂತೂ ಕೆಡಿಸಿದಾಂವ ಅವನ ಆದ," ಎಂದರು ಡಾಕ್ಟರರು, ಇಳಿಯುತ್ತ.

ಆಗ ನನಗೆ ತಡೆಯಲಾಗಲಿಲ್ಲ. "ಅಲ್ರಿ ಸಾಹೇಬ್ರ. ಕಟ್ಟು ಅಂತ ಹೇಳಿದ್ದು ನಮ್ಮ ಮೇಸ್ತ್ರಿ. ನಕ್ಕು ಸುಮ್ಮನಾಗಿದ್ದು ನಾ. ಐದು ವಾರ ಅದನ್ನ ಮುಂದ ಕಟ್ಕೊಂಡು ಹೊಡದದ್ದು ನೀವು. ಪೆಟ್ರೋಲ ಕದ್ದಾನ ಅಂತ ಮನಿ ತಪಾಸ ಆಗಿದ್ದು ಮಾತ್ರ ಅವಂದು."

ಅವರು ಇದನ್ನೆಲ್ಲ ಬರೆದು ಕೊಡು ಎಂದರು. ಅಲ್ಲೇ, ಅವರ ಮೇಜಿನ ಮೇಲೆ, ತಾರೀಖು ಮೈಲಿ ಸಮೇತ ಬರೆದು ಸಹಿ ಮಾಡಿದೆ. ಸಿಲಿಂಡರ್ ಕೊರೆಸಿದ್ದು ನಮ್ಮ ಅಂಗಡಿಯ ತಪ್ಪಿನಿಂದ ಎಂದೂ ಬರೆದೆ. ಅದನ್ನು ಓದಿದ ಮೇಲೆ ಫಕ್ಕೀರಪ್ಪನನ್ನು ಕರೆಸಿ, "ಆದದ್ದು ಆತು, ನಾಳಿಂದ ಎಂದಿನಂಗ ಬಾ," ಎಂದರು.

ಫಕ್ಕೀರಪ್ಪ ದವಾಖಾನೆಯ ಬೀಗದ ಕೈಗಳನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟ.

"ನನ್ನ ಕಾಳಿನ ಗುಮ್ಮಿಯೊಳಗ ಕೈ ಹಾಕಿದೋರಿಗೆ ನಾ ಹೆಂಗ ನೀರು ತುಂಬಿ ಕೊಡ್ಲಿ?" ಎಂದ. ಹದಿನಾಲ್ಕು ವರ್ಷ ದುಡಿದ ಅಂಗಳವನ್ನು ದಾಟಿ ಹೋದ. ಆಮೇಲೆ ಮಾಸೂರಿನ ಕಡೆ ಗದ್ದೆಯ ಕೂಲಿಗೆ ನಿಂತನೆಂದು ತಿಳಿಯಿತು. ಐವತ್ತರ ವಯಸ್ಸಿನಲ್ಲಿ ಕೆಸರಿಗಿಳಿದ.

ಶಿಗ್ಗಾಂವಿಯಲ್ಲಿ ಮೇಸ್ತ್ರಿ ಕಾದಿದ್ದರು. ಬರೆದುಕೊಟ್ಟದ್ದನ್ನು ನಾನೇ ಹೇಳಿದೆ. "ನನ್ನ ಅಂಗಡಿ ಅನ್ನ ಉಂಡು ನನ್ನ ಮ್ಯಾಲ ಬರದಿ. ಹೋಗಿ ಆ ಚೀಟಿ ತಿರುಗಿ ತಗೊಂಡು ಬಾ," ಎಂದರು. ತರುವುದಿಲ್ಲ ಎಂದೆ. ಏಪ್ರಿಲ್ 20ರ ಪುಟದಲ್ಲಿ ಕೆಲಸ ಬಿಟ್ಟೆ ಎಂಬ ಒಂದೇ ಸಾಲಿದೆ.

ಈಗ ಸವಣೂರಿನಲ್ಲಿ ನನ್ನದೇ ರಿಪೇರಿ ಅಂಗಡಿ. ಗಾಡಿ ಬಂದರೆ ಸ್ಪಾನರ್ ಮುಟ್ಟುವ ಮುನ್ನ, ಅದನ್ನು ದಿನಾ ತೊಳೆಯುವವರು ಯಾರು ಎಂದು ಕೇಳುತ್ತೇನೆ. ಆ ಮನುಷ್ಯನನ್ನು ಕರೆಸಿ, ಕೂರಿಸಿ, ಒಡೆಯನನ್ನು ಹೊರಗೆ ನಿಲ್ಲಿಸಿ ಮಾತಾಡುತ್ತೇನೆ. ಎಂಜಿನ್ ಯಾಕೆ ಕಾಯಿತು ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಳೆದ ತಿಂಗಳು ರಟ್ಟೀಹಳ್ಳಿಯ ಸಾಹುಕಾರರೊಬ್ಬರು ಕಾರು ತಂದು, ಇಳಿಯುವ ಮೊದಲೇ, ನಮ್ಮ ಡ್ರೈವರ್ ಪೆಟ್ರೋಲ್ ಕಳ್ಳ ಎಂದರು. ಬಾನೆಟ್ ಎತ್ತಲಿಲ್ಲ. ಮೊದಲು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ, ಆಮೇಲೆ ಗಾಡಿ ನೋಡುತ್ತೇನೆ ಎಂದೆ. ಅವರು ಬೈಯುತ್ತ ಹೊರಟುಹೋದರು. ಹೋಗಲಿ.