ಎರಡು ಕೊಳವೆಯ ದುರ್ಬೀನು

ಕಡೂರಿನ ನಮ್ಮ ಮನೆಯ ತಾರಸಿಯ ಮೇಲೆ ಕೂತು ಅಣ್ಣ ಪಿವಿಸಿ ಪೈಪಿಗೆ ಕೆಟ್ಟ ಜೆರಾಕ್ಸ್ ಮೆಷಿನ್ನಿನ ಲೆನ್ಸು ಕೂಡಿಸಿ ದುರ್ಬೀನು ಮಾಡುತ್ತಿದ್ದ. ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಜೋಡಿ ದುರ್ಬೀನಾದರೆ ಇನ್ನೊಂದು ತಾಪತ್ರಯ. ಎರಡು ಕೊಳವೆಯೂ ಸರಿಯಾಗಿ ಒಂದೇ ಕಡೆಗೆ ತಿರುಗಿರದಿದ್ದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಅವನು ಊರಾಚೆಯ ನೀರಿನ ಟ್ಯಾಂಕನ್ನು ನೋಡುತ್ತಾ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದ, ನಾನು ಕೊಳವೆಯ ದಿಕ್ಕು ಹೊಂದಿಸುವ ಸ್ಕ್ರೂ ತಿರುಗಿಸುತ್ತಿದ್ದೆ.

ಕೊನೆಯ ಜೋಡಿಯನ್ನು ಹೊಂದಿಸುವ ಮೊದಲೇ ಅವನು ಹೃದಯಾಘಾತದಿಂದ ತೀರಿಕೊಂಡ. ಹೋದ ಭಾನುವಾರ ಅತ್ತಿಗೆಯೇ ಅದನ್ನು ತಾರಸಿಗೆ ತಂದರು.

"ಇದನ್ನ ಮುಗಿಸೋಣ ಕಣಪ್ಪಾ. ಅರ್ಧಕ್ಕೆ ನಿಂತಿರೋದನ್ನ ನೋಡೋಕಾಗಲ್ಲ."

ಈ ಸಲ ನೋಡುವವನು ನಾನು, ಸ್ಕ್ರೂ ತಿರುಗಿಸುವವರು ಅತ್ತಿಗೆ.

"ಸ್ವಲ್ಪ ಎಡಕ್ಕೆ," ಅಂದೆ.

"ಯಾವ ಎಡ ಮಾರಾಯ? ಇದ್ರೊಳಗೆ ಲೋಕಾನೇ ತಲೆಕೆಳಗು. ನಿನ್ನ ಎಡಾನೋ, ದುರ್ಬೀನಿನ ಎಡಾನೋ?"

ಇಬ್ಬರೂ ನಕ್ಕೆವು. ಬಹಳ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಎರಡು ಟ್ಯಾಂಕುಗಳು ಮೆಲ್ಲಗೆ ಹತ್ತಿರ ಸರಿದು ಒಂದಾದವು. ನಾನು "ನಿಲ್ಲಿಸಿ" ಅನ್ನಬೇಕಿತ್ತು. ಹಾಗೆ ಅಂದುಬಿಟ್ಟರೆ ಅಣ್ಣ ಬಿಟ್ಟುಹೋದ ಕೆಲಸ ಅಲ್ಲಿಗೆ ಮುಗಿದಂತೆ. ನಾನು ಕಣ್ಣನ್ನು ದುರ್ಬೀನಿಗೇ ಒತ್ತಿಕೊಂಡೆ. ಅತ್ತಿಗೆ ತಿರುಗಿಸುತ್ತಲೇ ಇದ್ದರು, ಟ್ಯಾಂಕು ಮತ್ತೆ ಎರಡಾಯಿತು.

"ಆಯ್ತೇನಪ್ಪಾ?"

"ಇನ್ನೂ ಇಲ್ಲ ಅತ್ತಿಗೆ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, ದುರ್ಬೀನಿಗೆ ಧೂಳು ಕೂರದಂತೆ ಟವೆಲ್ ಹೊದಿಸಿದರು.

"ಸರಿ ಬಿಡು, ಇವತ್ತೇ ಮುಗೀಬೇಕು ಅಂತೇನಿಲ್ಲ. ಬರೋ ಭಾನುವಾರ ನೋಡೋಣ."