ಮಾರಿ ಉಳಿದ ಮರುವಾಯಿ

"ದೊಡ್ಡದನ್ನೇ ಆರಿಸಬೇಡಿ ಅಮ್ಮ, ಸಣ್ಣದೂ ಬೇಕು" ಎಂದಳು ಕಾಲೇಜಿನ ಹುಡುಗಿ. ಬಂಟ್ವಾಳದ ಮೀನು ಮಾರುಕಟ್ಟೆಯಲ್ಲಿ ಮರುವಾಯಿ ಎಂಬ ಹೊಳೆಯ ಚಿಪ್ಪುಮೀನು ಮಾರುವ ಅಪ್ಪಿಯಕ್ಕ, ಪರೀಕ್ಷೆಗೆ ಅಂದಮೇಲೆ ಒಳ್ಳೆಯದೇ ಹೋಗಲಿ ಎಂದು ಆರಿಸಿ ಆರಿಸಿ ಹಾಕುತ್ತಿದ್ದಳು. ಮೇಲೊಂದು ಹಿಡಿ ಕೊಸರು ಬೇರೆ. ಚಿಪ್ಪಿನೊಳಗಿನ ಮಾಂಸದಲ್ಲಿ ಸೀಸ, ಪಾದರಸ ಸೇರಿದೆಯೋ ಎಂದು ಅವಳ ಕಾಲೇಜಿನಲ್ಲಿ ತಿಂಗಳಿಗೊಮ್ಮೆ ಪರೀಕ್ಷಿಸಿ ನೋಡುತ್ತಾರಂತೆ.

ವಾರಕ್ಕೆ ಎಷ್ಟು ಸಲ ತಿನ್ನುತ್ತೀರಿ ಎಂದು ಹುಡುಗಿ ಕೇಳಿದಳು. ಚೀಲ ಹಿಡಿದು ನಿಂತಿದ್ದ ನಾನು ಸೋಮವಾರ, ಸಂಕ್ರಮಣ, ಏಕಾದಶಿಗಳನ್ನು ಕಳೆದು, ಒಂದು ಸಲ ಎಂದೆ. ಅಪ್ಪಿಯಕ್ಕ ನಕ್ಕಳು.

"ನಂಗೆಂತ ವಾರ ಮಗಾ? ಮಾರಿ ಉಳಿದದ್ದು ದಿನಾ ಮಕ್ಕಳಿಗೆ. ಬೇರೆಂತ ಉಂಟು?"

ಹುಡುಗಿಯ ಪೆನ್ನು ನಿಂತಿತು. "ಫಲಿತಾಂಶ ಬರುವವರೆಗೆ ಸ್ವಲ್ಪ ಕಡಿಮೆ ಮಾಡಿ ಅಮ್ಮ."

"ಮಾಡುವ. ಅಷ್ಟು ದಿನ ನೀನು ಬಂದು ಎಲ್ಲ ಕೊಂಡು ಹೋಗ್ತೀಯಾ?"

ಆ ದಿನ ಉಳಿದ ರಾಶಿಯನ್ನೆಲ್ಲ ನಾನೇ ಕೊಂಡೆ. ಮನೆಗೆ ತಂದ ಮೇಲೆ ಬೇಯಿಸಲು ಕೈ ಏಳಲಿಲ್ಲ, ತೆಂಗಿನ ಬುಡದಲ್ಲಿ ಹೂತೆ. ನಮ್ಮಲ್ಲಿ ಬೆಳಗಿನ ಬಸಳೆ ಸಾರು ಇತ್ತು, ಅದು ದೇವರ ದಯೆ. ಅಪ್ಪಿಯಕ್ಕನ ಮಕ್ಕಳು ಆ ಸಂಜೆ ಏನು ಉಂಡರೋ, ಕೇಳಲು ನನಗೆ ಈವರೆಗೂ ಬಾಯಿ ಬಂದಿಲ್ಲ.